ಅಳಿಸಿದರೂ ಜಾಗ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಗ್ಯಾಲರಿಯ ಫೋಟೊ ಎಲ್ಲಾ ಡಿಲೀಟ್ ಮಾಡಿದರೂ ಫೋನು ‘ಸ್ಟೋರೇಜ್ ಫುಲ್’ ಅಂತದ. ಯಾಕ್ರೀ?
– ಓದುಗರು, ಹೊಸರಿತ್ತಿ

ಉತ್ತರ: ನೀವು ಅಳಿಸಿದ್ದು ಇನ್ನೂ ಫೋನಿನಲ್ಲೇ ಇರಬಹುದು. ಗೂಗಲ್ ಫೋಟೋಸ್‌ನಲ್ಲಿ ಡಿಲೀಟ್ ಮಾಡಿದ ಚಿತ್ರ ‘ಟ್ರ್ಯಾಶ್’ಗೆ ಹೋಗಿ ಕೂರುತ್ತದೆ, ಬ್ಯಾಕಪ್ ಆಗದಿದ್ದರೆ 30 ದಿನ, ಆಗಿದ್ದರೆ 60 ದಿನ. ಮೊದಲು ಅದನ್ನು ಖಾಲಿ ಮಾಡಿ.

ಆದರೆ ನನಗೆ ಹೆಚ್ಚು ಅನುಮಾನ ವಾಟ್ಸ್ಆ್ಯಪ್ ಮೇಲೆ. ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಮೊದಲು ಮೆಣಸಿನಕಾಯಿ ರಾಶಿಯ ವಿಡಿಯೊ ಮಾಡಿ ದಲಾಲರಿಗೆ ಕಳಿಸುತ್ತೀರಿ ಅನ್ನಿ. ಆಂಡ್ರಾಯ್ಡ್ ಫೋನಿನಲ್ಲಿ ಮೂಲ ವಿಡಿಯೊ ಕ್ಯಾಮೆರಾ ಫೋಲ್ಡರಿನಲ್ಲಿ ಉಳಿಯುತ್ತದೆ, ಕಳಿಸಿದ್ದರ ಪ್ರತಿ ವಾಟ್ಸ್ಆ್ಯಪ್‌ನ ‘ಸೆಂಟ್’ ಫೋಲ್ಡರಿನಲ್ಲಿ. ಇದರ ಮೇಲೆ ಗ್ರೂಪುಗಳ ಶುಭೋದಯದ ಹೂವುಗಳು ಬೇರೆ! ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ‘ಮ್ಯಾನೇಜ್ ಸ್ಟೋರೇಜ್’ ತೆರೆಯಿರಿ. 5 ಎಂಬಿಗಿಂತ ದೊಡ್ಡವು, ಮೇಲಿಂದ ಮೇಲೆ ಫಾರ್ವರ್ಡ್ ಆದವು ಬೇರೆಬೇರೆಯಾಗಿ ಕಾಣುತ್ತವೆ. ಅಲ್ಲೇ ಆಟೊ ಡೌನ್‌ಲೋಡ್ ಬಂದ್ ಮಾಡಿ.

ಹಳೆಯ ಆ್ಯಪ್‌ಗಳನ್ನೂ ನೋಡಿ. ರೈತರೇ ಬೆಳೆ ದಾಖಲಿಸುವ ಸಮೀಕ್ಷೆ ಆ್ಯಪ್ 2020ರಲ್ಲಿ ಬಂದ ಮೇಲೆ ಮುಂಗಾರಿಗೊಂದು, ಹಿಂಗಾರಿಗೊಂದು ಹೊಸದು ಬರುತ್ತಿದೆ. ಹಂಗಾಮು ಮುಗಿದು ಮಾಹಿತಿ ಅಪ್‌ಲೋಡ್ ಆಗಿದ್ದರೆ ಹಳೆಯದನ್ನು ತೆಗೆಯಬಹುದು.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ‘ಕ್ಲಿಯರ್ ಕ್ಯಾಶ್’ ಒತ್ತಲು ಹೆದರಬೇಡಿ. ಕ್ಯಾಶ್ ಅಂದರೆ ತಾತ್ಕಾಲಿಕ ಕಡತ, ಬೇಕಾದಾಗ ಆ್ಯಪ್ ಮತ್ತೆ ಮಾಡಿಕೊಳ್ಳುತ್ತದೆ. ಅದರ ಪಕ್ಕದ ‘ಕ್ಲಿಯರ್ ಡೇಟಾ’ ಮಾತ್ರ ಒತ್ತಬೇಡಿ. ವಾಟ್ಸ್ಆ್ಯಪ್‌ನಲ್ಲಿ ಒತ್ತಿದರೆ, ಬ್ಯಾಕಪ್ ಇಲ್ಲದಿದ್ದಲ್ಲಿ, ಹಳೆಯ ಮಾತುಕತೆಯೆಲ್ಲ ಹೋಯಿತೆಂದೇ ಲೆಕ್ಕ.