ನಿಧಾನವನ್ನು ಕಲಿಯಲು ದೂರದ ಹಳ್ಳಿಗೆ



ಚೀನಾದ ಹೆನಾನ್ ಪ್ರಾಂತದಲ್ಲಿ, ಹಳದಿ ನದಿಯ ಉತ್ತರಕ್ಕೆ ಚೆನ್‌ಜಿಯಾಗೌ ಎಂಬ ಹಳ್ಳಿಯಿದೆ. ಚೆನ್ ಮನೆತನದವರ ಕೊರಕಲು ಎಂದು ಆ ಹೆಸರಿನ ಅರ್ಥ. ಸುತ್ತಲೂ ಗೋಧಿ, ಮೆಕ್ಕೆಜೋಳದ ಹೊಲಗಳು. ಯುರೋಪು, ಅಮೆರಿಕಗಳಿಂದ ಜನ ತಂಡ ಕಟ್ಟಿಕೊಂಡು ಈ ಹಳ್ಳಿಗೆ ಬಂದು ವಾರಗಟ್ಟಲೆ ಉಳಿಯುತ್ತಾರೆ. ಅವರು ಬರುವುದು ತೈ ಚಿ ಮತ್ತು ಚಿಗಾಂಗ್ ಎಂಬ ಅಭ್ಯಾಸಗಳನ್ನು ಕಲಿಯಲು. ಇವು ಏನು, ಯಾರಿಗೆ ಉಪಯೋಗ, ಇದಕ್ಕಾಗಿ ಅಷ್ಟು ದೂರ ಹೋಗಲೇಬೇಕೇ ಎಂಬುದನ್ನು ಇಂದು ತಿಳಿದುಕೊಳ್ಳೋಣ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ರಾಯದುರ್ಗದ ಕಡೆಯ ಕೇಳುಗರಿಗೆ ಗೊತ್ತಿದೆ: ಕನ್ನಡದಲ್ಲಿ 'ಅವಸರ' ಎಂದರೆ ಆತುರ, ತೆಲುಗಿನಲ್ಲಿ 'ಅವಸರಂ' ಎಂದರೆ ಅಗತ್ಯ. ಇಲ್ಲಿಯೂ ಹಾಗೆಯೇ. ತೈ ಚಿಯ 'ಚಿ' ಬೇರೆ, ಚಿಗಾಂಗ್‌ನ 'ಚಿ' ಬೇರೆ. ಮೊದಲನೆಯದಕ್ಕೆ ತುತ್ತತುದಿ, ಪರಮಾವಧಿ ಎಂಬ ಅರ್ಥ. ಎರಡನೆಯದಕ್ಕೆ ಉಸಿರು, ಪ್ರಾಣಶಕ್ತಿ ಎಂಬ ಅರ್ಥ. 'ಗಾಂಗ್' ಎಂದರೆ ದುಡಿದು ಗಳಿಸಿದ ಪಳಗು. ಆದ್ದರಿಂದ ಚಿಗಾಂಗ್ ಉಸಿರು, ನಿಲುವು, ಗಮನ ಇವುಗಳ ಸಾಧನೆ. ತೈ ಚಿಯ ಪೂರ್ಣ ಹೆಸರಿನ ಕೊನೆಯಲ್ಲಿ ಮುಷ್ಟಿ ಎಂಬ ಅರ್ಥದ ಪದವಿದೆ. ಅಂದರೆ ಅದು ಮೂಲತಃ ಕಾಳಗದ ವಿದ್ಯೆ. ನಮ್ಮ ಗರಡಿಮನೆಯ, ಕಾಸರಗೋಡಿನವರು ಕಂಡಿರುವ ಕಳರಿಯ ಸಾಲಿಗೆ ಸೇರಬೇಕಾದದ್ದು.

ಹದಿನೇಳನೆಯ ಶತಮಾನದಲ್ಲಿ ಈ ಹಳ್ಳಿಯ ಚೆನ್ ವಾಂಗ್‌ಟಿಂಗ್ ಎಂಬ ಯೋಧ ಇದಕ್ಕೆ ರೂಪ ಕೊಟ್ಟನೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಬಹುಕಾಲ ಅದು ಮನೆತನದೊಳಗೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನವನಾದ ಯಾಂಗ್ ಲುಚಾನ್ ಇಲ್ಲಿ ಕಲಿತು ಬೀಜಿಂಗ್‌ಗೆ ಒಯ್ದ. ಅಲ್ಲಿಂದ ಅದು ಹರಡಿತು. 1956ರಲ್ಲಿ ಚೀನಾದ ಕ್ರೀಡಾ ಇಲಾಖೆ ಸಾಮಾನ್ಯ ಜನರಿಗಾಗಿ 24 ಚಲನೆಗಳ ಸುಲಭ ಕ್ರಮವೊಂದನ್ನು ಸಿದ್ಧಪಡಿಸಿತು. ಬೆಳಗಿನ ಹೊತ್ತು ಚೀನಾದ ಉದ್ಯಾನಗಳಲ್ಲಿ ಹಿರಿಯರು ಮಾಡುವುದನ್ನು ನಾವು ಚಿತ್ರಗಳಲ್ಲಿ ನೋಡುವುದು ಬಹಳಮಟ್ಟಿಗೆ ಇದನ್ನೇ.

ಆದರೆ ಹುಟ್ಟಿದ ಊರಿನಲ್ಲೇ ವಿದ್ಯೆ ಕ್ಷೀಣಿಸಿತ್ತು. 1958ರಲ್ಲಿ ಚೆನ್ ಝಾವೊಪಿ ಎಂಬುವರು ಊರಿಗೆ ಮರಳಿದರು. ಆಗ ಅವರಿಗೆ ಅರವತ್ತು ದಾಟಿತ್ತು. ಕಲಿಸುವವರಿಲ್ಲದೆ ಕಿರಿಯರಿಗೆ ವಿದ್ಯೆ ತಪ್ಪಿಹೋಗುತ್ತಿರುವುದನ್ನು ಕಂಡು ಅಲ್ಲಿಯೇ ನಿಂತು ಹುಡುಗರಿಗೆ ಕಲಿಸತೊಡಗಿದರು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾಗಿ ಹಳೆಯ ವಿದ್ಯೆಗಳೆಲ್ಲ ನಿಂದೆಗೆ ಗುರಿಯಾದವು. ಅವರೂ ಕಷ್ಟಪಟ್ಟರು, ಆದರೂ ಪಾಠ ಬಿಡಲಿಲ್ಲ. 1972ರಲ್ಲಿ ತೀರಿಕೊಂಡರು. ಅವರು ಕಲಿಸಿದ ಹುಡುಗರಲ್ಲಿ ಚೆನ್ ಶಿಯಾವಾಂಗ್, ಚೆನ್ ಝೆಂಗ್ಲೆ, ವಾಂಗ್ ಶಿಯಾನ್, ಝು ತಿಯಾನ್‌ತ್ಸಾಯ್ ಎಂಬ ನಾಲ್ವರು ಮುಂದೆ ದೇಶವಿದೇಶಗಳಲ್ಲಿ ಗುರುಗಳಾದರು. 2020ರಲ್ಲಿ ಯುನೆಸ್ಕೊ ತೈ ಚಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಒಂದು ಭಾಷೆ ಇಟ್ಟುಕೊಂಡು ಬಾಳುವ ನಮಗೆ ಈ ಮುದುಕರ ಕೆಲಸದ ಬೆಲೆ ಬೇಗ ಅರ್ಥವಾದೀತು.

ಇನ್ನು ತಂಡದ ದಿನಚರಿ. ಬೆಳಿಗ್ಗೆ ಒಂದು ಪಾಠ, ಮಧ್ಯಾಹ್ನದ ಮೇಲೆ ಇನ್ನೊಂದು. ಮೊದಲು ಮಂಡಿ ತುಸು ಸಡಿಲಿಸಿ, ತೋಳುಗಳನ್ನು ಮುಂದೆ ದುಂಡಗೆ ಹಿಡಿದು ಅಲುಗದೆ ನಿಲ್ಲಬೇಕು. ಕಂಬದಂತೆ ನಿಲ್ಲುವುದು ಎಂದೇ ಇದಕ್ಕೆ ಹೆಸರು. ಐದು ನಿಮಿಷಕ್ಕೆ ತೊಡೆ ನಡುಗುತ್ತದೆ. ಆಮೇಲೆ 'ರೇಷ್ಮೆ ನೂಲು ಬಿಚ್ಚುವ' ಚಲನೆ. ಹಿಂದೂಪುರ, ಮಡಕಶಿರಾ ಸೀಮೆಯಲ್ಲಿ ಗೂಡಿನಿಂದ ನೂಲು ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಗ್ಗಿದರೆ ಎಳೆ ಹರಿಯುತ್ತದೆ, ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ. ಸೊಂಟದಿಂದ ಹೊರಟ ಚಲನೆ ತೋಳಿನ ಮೂಲಕ ಬೆರಳಿನ ತುದಿಯವರೆಗೂ ಹಾಗೆಯೇ ಒಂದೇ ಹದದಲ್ಲಿ ಸಾಗಬೇಕು. ಭಾಷೆ ಬಾರದವರಿಗೆ ದುಭಾಷಿ ಇರುತ್ತಾರೆ. ಆದರೆ ಹೆಚ್ಚಿನ ಪಾಠ ನಡೆಯುವುದು ಗುರುವಿನ ಕೈಯಿಂದಲೇ. ಮೊಣಕೈ ತುಸು ಕೆಳಗಿಳಿಸುತ್ತಾರೆ, ಭುಜ ಸಡಿಲಿಸುತ್ತಾರೆ.

ಇದರಿಂದ ಆಗುವ ಲಾಭವೇನು? ನಡೆಯುವಾಗ ಪ್ರತಿ ಹೆಜ್ಜೆಗೂ ಕ್ಷಣಕಾಲ ನಾವು ಒಂಟಿಕಾಲಿನ ಮೇಲಿರುತ್ತೇವೆ. ವಯಸ್ಸಾದವರು ಬೀಳುವುದು ಅನೇಕ ಸಲ ಆ ಕ್ಷಣದಲ್ಲಿಯೇ. ತೈ ಚಿ ಆ ಕ್ಷಣವನ್ನು ಹಿಗ್ಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗಿಸುವುದನ್ನು ಕಲಿಸುತ್ತದೆ. ಅಮೆರಿಕದಲ್ಲಿ 70 ದಾಟಿದ, ಬೀಳುವ ಅಪಾಯವಿದ್ದ 670 ಮಂದಿಯ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಗಂಟೆಯಂತೆ 24 ವಾರ ತೈ ಚಿ ಮಾಡಿದವರಲ್ಲಿ, ಬರೀ ಮೈ ಸೆಳೆಯುವ ವ್ಯಾಯಾಮ ಮಾಡಿದವರಿಗಿಂತ ಬೀಳುವುದು ಶೇಕಡಾ 58ರಷ್ಟು ಕಡಿಮೆಯಾಗಿತ್ತು. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಇಡೀ ಮನೆಯೇ ಹಾಸಿಗೆ ಹಿಡಿದಂತೆ. ಹಾಗಾಗಿ ಇದು ಸಣ್ಣ ಲಾಭವಲ್ಲ.

ಒಂದು ಎಚ್ಚರಿಕೆ. 1980ರ ದಶಕದಲ್ಲಿ ಚೀನಾದಲ್ಲಿ ಚಿಗಾಂಗ್‌ನ ದೊಡ್ಡ ಅಲೆ ಎದ್ದಾಗ, ಮುಟ್ಟದೆ ದೂರದಿಂದಲೇ ರೋಗ ಕಳೆಯುತ್ತೇವೆ ಎನ್ನುವವರೂ ಹುಟ್ಟಿಕೊಂಡರು. ಅಂಥ ಮಾತು ನಂಬಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು. ತಂಡ ಸೇರುವವರು ದಿನಕ್ಕೆ ಎಷ್ಟು ಗಂಟೆ ಪಾಠ, ಕಲಿಸುವವರು ಯಾರು, ಹಣದಲ್ಲಿ ಏನೇನು ಸೇರಿದೆ ಎಂದು ಬರಹದಲ್ಲಿ ಪಡೆಯುವುದು ಒಳ್ಳೆಯದು.

ಹಾಗಾದರೆ ಅಷ್ಟು ದೂರ ಹೋಗಬೇಕೇ? ಅಮೆರಿಕದ ಆ ಹಿರಿಯರು ಚೀನಾಕ್ಕೆ ಹೋಗಿರಲಿಲ್ಲ, ತಮ್ಮ ಊರಿನಲ್ಲೇ ಕಲಿತರು. ದೂರ ಹೋದವರಿಗೆ ಒಳ್ಳೆಯ ಗುರು ಸಿಗಬಹುದು, ದಿನವಿಡೀ ಅಭ್ಯಾಸಕ್ಕೆ ಬಿಡುವು ಸಿಗಬಹುದು. ಆದರೆ ಹಿಂದಿರುಗಿ ಬಂದಮೇಲೆ ಬಿಟ್ಟುಬಿಟ್ಟರೆ ಕಾಲಿನ ಬಲ ಉಳಿಯದು. ಹೋಗಲಾಗದವರು ಇವತ್ತೇ ಇಷ್ಟು ಮಾಡಬಹುದು: ಗೋಡೆಗೆ ಕೈಯಾನಿಸಿ, ಪಾದಗಳನ್ನು ಭುಜದಗಲ ಇಟ್ಟು ನಿಲ್ಲಿ. ಉಸಿರು ಬಿಗಿಹಿಡಿಯದೆ ಮೈಭಾರವನ್ನು ಮೆಲ್ಲಗೆ ಬಲಗಾಲಿಗೆ ತನ್ನಿ, ಮತ್ತೆ ಮೆಲ್ಲಗೆ ಎಡಗಾಲಿಗೆ. ದಿನಕ್ಕೆ ಹತ್ತು ಸಲ ಸಾಕು. ಮನೆಯ ಹಿರಿಯರು ಮಾಡುವಾಗ ಮಕ್ಕಳು ಪಕ್ಕದಲ್ಲಿ ನಿಂತಿರಲಿ.