ಕಳಚುವುದಕ್ಕೂ ಒಂದು ಕಥೆ ಬೇಕು

ರಂಗದ ನಡುವೆ ಒಂದು ಸ್ನಾನದ ತೊಟ್ಟಿ. ಅದರ ತುಂಬ ನೊರೆ. ಪಕ್ಕದಲ್ಲಿ ಟವೆಲು ಹಿಡಿದು ನಿಂತ ಸೇವಕಿ. ನೊರೆಯೊಳಗಿಂದ ಕೈಯೊಂದು ಮೇಲೇಳುತ್ತದೆ, ಆಮೇಲೆ ಭುಜ. ಇಡೀ ಸಭಾಂಗಣ ಉಸಿರು ಬಿಗಿಹಿಡಿದು ಕೂತಿದ್ದರೂ ತೊಟ್ಟಿಯಲ್ಲಿರುವವಳು ಯಾರತ್ತಲೂ ಕಣ್ಣೆತ್ತುವುದಿಲ್ಲ. ತನ್ನ ಮನೆಯಲ್ಲಿ ತಾನೊಬ್ಬಳೇ ಇದ್ದೇನೆ ಎಂಬ ನಿರಾಳದಲ್ಲಿ ಮೀಯುತ್ತಾಳೆ, ಎದ್ದು ಬಂದು ಒಂದೊಂದೇ ಬಟ್ಟೆ ತೊಡುತ್ತಾಳೆ. ಹೌದು, ತೊಡುತ್ತಾಳೆ. ಬಟ್ಟೆ ಕಳಚುವ ಕಲೆಗೆ ಹೆಸರಾದ ಲಿಲಿ ಸೇಂಟ್ ಸಿರ್, ಆ ಕಲೆಯನ್ನೇ ತಿರುಗುಮುರುಗು ಮಾಡಿ ಜನರನ್ನು ಮರುಳುಗೊಳಿಸಿದ್ದು ಹೀಗೆ.

ಲಿಲಿಯ ರಂಗದ ಹೆಸರು ಬರ್ಲೆಸ್ಕ್. ಬರ್ಲೆಸ್ಕ್ ಎಂದರೆ ಮೊದಲಿಗೆ ಅಣಕದ ನಾಟಕ. 1868ರಲ್ಲಿ ಇಂಗ್ಲೆಂಡಿನ ಲಿಡಿಯಾ ಥಾಂಪ್ಸನ್ ತನ್ನ 'ಬ್ರಿಟಿಷ್ ಬ್ಲಾಂಡ್ಸ್' ತಂಡದೊಂದಿಗೆ ನ್ಯೂಯಾರ್ಕಿಗೆ ಬಂದಳು. ಹೆಂಗಸರೇ ಗಂಡುವೇಷ ಕಟ್ಟಿ ಪುರಾಣದ ಗಂಡಸರನ್ನು ಗೇಲಿ ಮಾಡುವ ಆಟ ಅದು. ಬಟ್ಟೆ ಕಳಚುವ ಸ್ಟ್ರಿಪ್‌ಟೀಸ್ ಆ ರಂಗದ ಮುಖ್ಯ ಆಕರ್ಷಣೆಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ನ್ಯೂಯಾರ್ಕಿನ ಮಿನ್‌ಸ್ಕಿ ಸಹೋದರರಂಥವರ ಥಿಯೇಟರುಗಳಲ್ಲಿ. 1937ರಲ್ಲಿ ಮೇಯರ್ ಲಾ ಗಾರ್ಡಿಯಾ ಆಡಳಿತ ಆ ಥಿಯೇಟರುಗಳ ಲೈಸೆನ್ಸ್ ನವೀಕರಿಸಲಿಲ್ಲ. 'ಬರ್ಲೆಸ್ಕ್' ಎಂಬ ಪದವನ್ನಾಗಲಿ 'ಮಿನ್‌ಸ್ಕಿ' ಎಂಬ ಹೆಸರನ್ನಾಗಲಿ ಬೋರ್ಡಿನಲ್ಲಿ ಬರೆಯುವ ಹಾಗೂ ಇರಲಿಲ್ಲ. ನರ್ತಕಿಯರು ಮಾತ್ರ ನಿಲ್ಲಲಿಲ್ಲ. ಊರೂರು ಸುತ್ತಿದರು, ನೈಟ್‌ಕ್ಲಬ್ಬುಗಳಿಗೆ ಹೊರಳಿದರು.

ಕಳಚುವುದು ಯಾರಿಂದಲೂ ಆಗುವ ಕೆಲಸ. ಕಳಚುವುದಕ್ಕೆ ಒಂದು ನೆಪ, ಒಂದು ಪಾತ್ರ, ಒಂದು ಕಥೆ ಹುಡುಕಿ, ಆ ಕೆಲವೇ ನಿಮಿಷಗಳನ್ನು ಸಣ್ಣ ನಾಟಕವಾಗಿಸುವುದರಲ್ಲಿ ಈ ಹೆಂಗಸರ ಪ್ರತಿಭೆ ಇತ್ತು. ನಮ್ಮ ಯಕ್ಷಗಾನದ ತೆರೆ ಒಡ್ಡೋಲಗ ನೋಡಿದವರಿಗೆ ಇದರ ಒಳಗುಟ್ಟು ತಟ್ಟನೆ ಹೊಳೆಯುತ್ತದೆ. ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಕಿರೀಟದ ತುದಿ, ಆಮೇಲೆ ಅರೆಮುಖ; ಪೂರ್ಣ ವೇಷ ಕಾಣುವ ಹೊತ್ತಿಗೆ ನೋಡುವವರ ಮನಸ್ಸು ಅದನ್ನು ಹತ್ತು ಸಲ ಬರೆದುಕೊಂಡಿರುತ್ತದೆ. ಎರಡು ಕಲೆಗಳ ಹುಟ್ಟೂ ಬೇರೆ, ಉದ್ದೇಶವೂ ಬೇರೆ. ತಡಮಾಡಿ ತೋರಿಸುವ ಜಾಣ್ಮೆಯೊಂದು ಮಾತ್ರ ಸಮಾನ.

ಲಿಲಿಯ ಬತ್ತಳಿಕೆಯಲ್ಲಿ ಇಂಥ ಪ್ರಸಂಗಗಳು ಹಲವಿದ್ದವು. ಬ್ಯಾಲೆ ಕಲಿತಿದ್ದ ಆಕೆ ಸಲೋಮೆಯಾದಳು, ಕ್ಲಿಯೋಪಾತ್ರಳಾದಳು, ಸಿಂಡರೆಲ್ಲಾ ಆದಳು, ಗೂಳಿ ಕಾಳಗದ ಮೆಟಡಾರ್ ಆದಳು, ಮದುಮಗಳಾದಳು. 'ಜಂಗಲ್ ಗಾಡೆಸ್'ನಲ್ಲಿ ಗಿಳಿಯೇ ಪ್ರಿಯಕರ. 'ಸೂಯಿಸೈಡ್'ನಲ್ಲಿ, ಕೈತಪ್ಪಿ ಹೋಗುತ್ತಿರುವ ಪ್ರೇಮಿಯನ್ನು ಮರಳಿ ಸೆಳೆಯಲು ಹೆಣಗುವ ಹೆಣ್ಣು. ಬಟ್ಟೆ ಕಳಚುವ ಆಟಕ್ಕೆ ಇಷ್ಟು ವಿಷಾದದ ವಸ್ತುವನ್ನು ಆರಿಸಿಕೊಂಡ ಧೈರ್ಯ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. 'ಚೈನೀಸ್ ವರ್ಜಿನ್', 'ಇನ್ ಎ ಪರ್ಷಿಯನ್ ಹರೇಮ್' ಎಂಬ ಹೆಸರುಗಳನ್ನು ಓದುವಾಗ ಮಾತ್ರ ಕಸಿವಿಸಿಯಾಗುತ್ತದೆ. ಪೂರ್ವ ದೇಶಗಳ ಹೆಣ್ಣೆಂದರೆ ಇಷ್ಟೇ ಎಂದು ಆ ಕಾಲದ ಪಶ್ಚಿಮ ಕಟ್ಟಿಕೊಂಡಿದ್ದ ಸುಳ್ಳು ಅದು, ಲಿಲಿ ಅದನ್ನು ಪ್ರಶ್ನಿಸದೆ ಬಳಸಿಕೊಂಡಳು.

ಆಕೆಗೆ ಮೊದಲು ಹೆಸರು ತಂದದ್ದು ಗಾಳ. ಆಟ ಮುಗಿಯುವ ಗಳಿಗೆಗೆ ಸರಿಯಾಗಿ ದೀಪ ಮಂಕಾಗಬೇಕು, ಮರೆಯಲ್ಲಿರುವ ರಂಗ ಸಹಾಯಕ ಗಾಳದ ಕೋಲನ್ನು ಸೆಳೆಯಬೇಕು, ಅದರ ದಾರಕ್ಕೆ ಕಟ್ಟಿದ, ಜಿ-ಸ್ಟ್ರಿಂಗ್ ಎಂಬ ಕಿರು ಒಳಉಡುಪು ಬಾಲ್ಕನಿಯತ್ತ ಹಾರಬೇಕು. ಒಂದು ಕ್ಷಣ ಹೆಚ್ಚುಕಮ್ಮಿಯಾದರೂ ಆಟ ಕೆಟ್ಟಿತು.

ಲಾಸ್ ಏಂಜಲೀಸಿನ ಸೀರೋಸ್ ನೈಟ್‌ಕ್ಲಬ್ಬಿನಲ್ಲಿ 1951ರಲ್ಲಿ, ಮೊದಲು ಹೇಳಿದ ಸ್ನಾನದ ತೊಟ್ಟಿಯ ಆಟಕ್ಕೇ ಆಕೆಯನ್ನು ಬಂಧಿಸಿದರು. ಕೋರ್ಟಿನಲ್ಲಿ ಲಿಲಿ ತನ್ನ ಆಟವನ್ನು ಹಂತಹಂತವಾಗಿ ಬಿಡಿಸಿ ಹೇಳಿದಳು: ಗೌನು ತೆಗೆಯುತ್ತೇನೆ, ಟೋಪಿಯೊಂದನ್ನು ಹಾಕಿ ನೋಡುತ್ತೇನೆ, ಒಂದು ಒಳಕುಪ್ಪಸ ತೆಗೆದರೆ ಕೆಳಗೆ ಇನ್ನೊಂದಿರುತ್ತದೆ, ಸೇವಕಿಯ ಮರೆಯಲ್ಲಿ ತೊಟ್ಟಿಗಿಳಿಯುತ್ತೇನೆ. ಹಾಲಿವುಡ್ಡಿನ ಹೆಸರಾಂತ ವಕೀಲ ಜೆರಿ ಗೀಸ್ಲರ್ ಆಕೆಯ ಪರ ವಾದಿಸಿದ. ಆಕೆ ನಿರಪರಾಧಿ ಎಂದು ತೀರ್ಪು ಬಂತು.

ಸ್ಯಾಲಿ ರ್‍ಯಾಂಡ್‌ಳದು ಇನ್ನೊಂದು ದಾರಿ. 1933ರ ಷಿಕಾಗೋ ವಿಶ್ವಮೇಳದಲ್ಲಿ ಆಕೆಯ ಕೈಯಲ್ಲಿದ್ದುದು ಉಷ್ಟ್ರಪಕ್ಷಿಯ ಗರಿಗಳ ಎರಡು ದೊಡ್ಡ ಬೀಸಣಿಗೆ, ಹಿನ್ನೆಲೆಗೆ ಶೋಪಾನ್ ಮತ್ತು ಡೆಬ್ಯುಸಿಯವರ ಸಂಗೀತ. ಒಂದು ಬೀಸಣಿಗೆ ಸರಿಯುವ ಮೊದಲೇ ಇನ್ನೊಂದು ಮೈಯನ್ನು ಮುಚ್ಚಿರಬೇಕು. ಅಷ್ಟು ದೊಡ್ಡ ಗರಿಗಳನ್ನು ಹಗುರವೆಂಬಂತೆ ತೇಲಿಸುವುದಕ್ಕೆ ತೋಳಿನಲ್ಲಿ ಎಷ್ಟು ಕಸುವು ಬೇಕೆಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಒಂದೇ ದಿನ ನಾಲ್ಕು ಸಲ ಪೊಲೀಸರು ಹಿಡಿದೊಯ್ದರೂ ಆಕೆ ಬೀಸಣಿಗೆ ಕೆಳಗಿಡಲಿಲ್ಲ. ಮರುವರ್ಷ ಆಳೆತ್ತರಕ್ಕೆ ಹತ್ತಿರದ ಬಲೂನು ಹಿಡಿದು ಬಂದಳು. ಎಪ್ಪತ್ತರ ವಯಸ್ಸಿನಲ್ಲೂ ಅದೇ ಬೀಸಣಿಗೆ ನೃತ್ಯ ಮಾಡುತ್ತಿದ್ದಳು.

ಜಿಪ್ಸಿ ರೋಸ್ ಲೀ ಕಳಚಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಉಡುಪಿನಿಂದ ಒಂದೊಂದೇ ಗುಂಡುಸೂಜಿ ಕಿತ್ತು ವಾದ್ಯಮೇಳದ ಟ್ಯೂಬಾದ ಬಾಯಿಗೆ ಹಾಕುತ್ತ, ಬಟ್ಟೆ ಕಳಚುವವಳ ತಲೆಯಲ್ಲಿ ಏನೇನು ಓಡುತ್ತಿರುತ್ತದೆ ಎಂದು ವಿದ್ವತ್ತಿನ ಪದ್ಯ ಹೇಳುತ್ತಿದ್ದಳು. ಜೊರಿಟಾ ಮೈಯ ಅರ್ಧ ಮದುಮಗಳಾಗಿ, ಇನ್ನರ್ಧ ಮದುಮಗನಾಗಿ ಒಬ್ಬಳೇ ಜೋಡಿಯಾಗುತ್ತಿದ್ದಳು. ಹೆಬ್ಬಾವು ಹೊತ್ತು ಕುಣಿದದ್ದೂ ಆಕೆಯೇ. ರೊಸಿಟಾ ರಾಯ್ಸ್‌ಳ ಉಡುಪನ್ನು ಪಳಗಿದ ಪಾರಿವಾಳಗಳು ಎತ್ತಿಕೊಂಡು ಹೋಗುತ್ತಿದ್ದವು. ಬ್ಲೇಜ್ ಸ್ಟಾರ್ ಸೋಫಾದ ಮೇಲೆ ಒರಗಿ ಗುಟ್ಟಾಗಿ ಗುಂಡಿ ಒತ್ತಿದರೆ ಹೊಗೆ ಏಳುತ್ತಿತ್ತು, ಫ್ಯಾನಿನ ಗಾಳಿಗೆ ಕೆಂಪು ರೇಷ್ಮೆ ಪಟ್ಟಿಗಳು ಜ್ವಾಲೆಯಂತೆ ಕುಣಿಯುತ್ತಿದ್ದವು. ನ್ಯೂ ಆರ್ಲಿಯನ್ಸಿನ ಕಿಟ್ಟಿ ವೆಸ್ಟ್ ದೈತ್ಯ ಸಿಂಪಿಯೊಳಗಿಂದ ಮುತ್ತು ಹಿಡಿದು ಏಳುತ್ತಿದ್ದಳು. 1949ರಲ್ಲಿ ನೀರಿನ ಟ್ಯಾಂಕಿನೊಳಗೆ ಉಡುಪು ಕಳಚುವ ಇನ್ನೊಬ್ಬ ನರ್ತಕಿ ಅಲ್ಲಿಗೆ ಬಂದಾಗ, ಕಿಟ್ಟಿ ಕೊಡಲಿ ಹಿಡಿದು ಟ್ಯಾಂಕನ್ನೇ ಒಡೆದಳು. ಪ್ರಚಾರಕ್ಕೆಂದು ಹೂಡಿದ ಆಟವಾದರೂ ಅದರ ಹಿಂದೆ ಒಂದು ಸತ್ಯವಿತ್ತು: ಈ ಕಸುಬಿನಲ್ಲಿ ತನ್ನದೇ ಆದ ಆಕ್ಟ್ ಇಲ್ಲದವಳಿಗೆ ಅನ್ನವಿರಲಿಲ್ಲ.

ಎಲ್ಲರಿಗೂ ಸಮನಾದ ಅನ್ನವೂ ಇರಲಿಲ್ಲ. ಡ್ಯೂಕ್ ಎಲಿಂಗ್ಟನ್ ಹೆಸರಿನಿಂದ ತನ್ನ ರಂಗನಾಮ ಪಡೆದ ಟೋನಿ ಎಲಿಂಗ್‌ಳಂಥ ಕಪ್ಪು ನರ್ತಕಿಯರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ ಸಿಗುತ್ತಿತ್ತು. ಬರ್ಲೆಸ್ಕ್‌ನ ವೈಭವ ಹೇಳುವಾಗ ಇದನ್ನು ಬಿಟ್ಟರೆ ಅನ್ಯಾಯವಾದೀತು.

ನಮ್ಮ ಕಾಲದಲ್ಲಿ ಈ ಪರಂಪರೆಯನ್ನು ದೊಡ್ಡ ಮಟ್ಟದಲ್ಲಿ ಮುಂದುವರಿಸಿದವಳು ಡೀಟಾ ವಾನ್ ಟೀಸ್. ಸ್ಫಟಿಕ ಹರಳು ಹೊದ್ದ ದೈತ್ಯ ಮಾರ್ಟೀನಿ ಲೋಟದಲ್ಲಿ, ಆಲಿವ್ ಕಾಯಿಯ ಆಕಾರದ ಸ್ಪಂಜು ಹಿಡಿದು ಆಕೆ ಮೀಯುವಾಗ ಲಿಲಿಯ ತೊಟ್ಟಿ ನೆನಪಾಗದೆ ಇರದು.

ಹಳಬರ ಉಡುಪು, ಬೀಸಣಿಗೆ, ಚಿತ್ರಗಳನ್ನು ಕೂಡಿಟ್ಟವರು ಕೂಡ ಹಳೆಯ ನರ್ತಕಿಯರೇ. ಜೆನ್ನಿ ಲೀ ಸಂಗ್ರಹಿಸಿದ್ದನ್ನು, ಆಕೆ 1990ರಲ್ಲಿ ತೀರಿಕೊಂಡ ಮೇಲೆ, ಡಿಕ್ಸಿ ಎವಾನ್ಸ್ ಕ್ಯಾಲಿಫೋರ್ನಿಯಾ ಮರುಭೂಮಿಯ ಹಳೆಯ ಮೇಕೆ ಫಾರ್ಮೊಂದರಲ್ಲಿ ಮ್ಯೂಸಿಯಂ ಆಗಿ ಬೆಳೆಸಿದಳು. ಮರ್ಲಿನ್ ಮನ್ರೋಳನ್ನು ಅನುಕರಿಸುವ ಆಕ್ಟಿನಿಂದ ಬದುಕಿದ್ದ ಡಿಕ್ಸಿಗೆ, 1962ರಲ್ಲಿ ಮರ್ಲಿನ್ ಸತ್ತಾಗ ತನ್ನ ಪಾತ್ರವೇ ಸತ್ತಂತಾಗಿತ್ತು. ಆ ಸಂಗ್ರಹ ಈಗ ಲಾಸ್ ವೇಗಸ್‌ನಲ್ಲಿ 'ಬರ್ಲೆಸ್ಕ್ ಹಾಲ್ ಆಫ್ ಫೇಮ್' ಆಗಿದೆ. ಅದರ ವಾರ್ಷಿಕ ಉತ್ಸವದಲ್ಲಿ ಹಿರಿಯರಿಗೆಂದೇ ಒಂದು ಪ್ರದರ್ಶನ ಮೀಸಲು. ಎಪ್ಪತ್ತು ದಾಟಿದ ನರ್ತಕಿಯೂ ಮಿನುಗುವ ಗೌನು ತೊಟ್ಟು ಬೆಳಕಿಗೆ ಬರುತ್ತಾಳೆ, ಮೊಣಕೈ ದಾಟಿದ ಗ್ಲೌಸಿನ ಬೆರಳತುದಿಗಳನ್ನು ಒಂದೊಂದಾಗಿ ಸಡಿಲಿಸುತ್ತಾಳೆ. ಅವಸರವೇ ಇಲ್ಲ.