ನೋವು ಹಲ್ಲಿನದೋ, ತಲೆಯದೋ?

ಕೆಳದವಡೆಯ ಹಲ್ಲು ಹುಳುಕಾದರೆ ಕಿವಿ ಸಿಡಿಯುವುದುಂಟು. ಮೂಗಿನ ಪಕ್ಕದ ಎಲುಬಿನ ಟೊಳ್ಳಿನಲ್ಲಿ ಕೀವು ತುಂಬಿದರೆ ದೋಷವಿಲ್ಲದ ಮೇಲಿನ ಹಲ್ಲುಗಳು ನೋಯುವುದುಂಟು. ಈ ಮೋಸಕ್ಕೆ ಕಾರಣ ಮಿದುಳಿನಿಂದ ಹೊರಡುವ ಐದನೆಯ ಜೊತೆ ನರ. ಅದು ಮೂರು ಕವಲಾಗಿ ಹಣೆಗೆ, ಮೇಲ್ದವಡೆಗೆ, ಕೆಳದವಡೆಗೆ ಹರಡುತ್ತದೆ. ಮೂರು ಬೀದಿಯ ಅಂಚೆಯೂ ಒಂದೇ ಕಚೇರಿಗೆ ಬಂದು ಬೀಳುವುದರಿಂದ, ಕಾಗದ ಯಾವ ಮನೆಯದೆಂದು ಮಿದುಳು ಒಮ್ಮೊಮ್ಮೆ ತಪ್ಪಾಗಿ ಓದಿಕೊಳ್ಳುತ್ತದೆ.

ಈ ನರವೇ ಕೆರಳಿದಾಗ ಬರುವ ನೋವು ಮಿಂಚಿನಂಥದು. ಹಲ್ಲುಜ್ಜಿದರೆ ಸಾಕು, ತಣ್ಣನೆಯ ಗಾಳಿ ಕೆನ್ನೆಗೆ ಸೋಕಿದರೆ ಸಾಕು. ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ೧೭೭೩ರಲ್ಲಿಯೇ ಇದನ್ನು ವಿವರಿಸಿದ್ದರೂ, ಹಲ್ಲುನೋವೆಂದೇ ಬಗೆದು ಗಟ್ಟಿ ಹಲ್ಲುಗಳನ್ನು ಒಂದರ ಹಿಂದೊಂದು ಕೀಳಿಸಿಕೊಂಡವರು ಇಂದಿಗೂ ಇದ್ದಾರೆ. ಹಲ್ಲು ಹೋಗುತ್ತದೆ, ನೋವು ಹೋಗುವುದಿಲ್ಲ. ೧೯೬೦ರ ದಶಕದಲ್ಲಿ ಬಳಕೆಗೆ ಬಂದ, ಮೂರ್ಛೆರೋಗಕ್ಕೂ ಕೊಡುವ ಕಾರ್ಬಮಜೆಪೀನ್ ಅನೇಕರಿಗೆ ಗುಣ ಕೊಟ್ಟಿದೆ.

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೆ. ನಿದ್ದೆಯಲ್ಲಿ ಹಲ್ಲು ಕಡಿಯುವವರು ಬೆಳಗ್ಗೆ ತಲೆನೋವಿನೊಡನೆ ಏಳುವುದುಂಟು. ಹಲ್ಲುಕಚ್ಚಿ ಕಣತಲೆಯ ಮೇಲೆ ಬೆರಳಿಟ್ಟು ನೋಡಿದರೆ ಕಾರಣ ತಿಳಿದೀತು: ಅಲ್ಲಿ ಉಬ್ಬುವ ಸ್ನಾಯು ಕೆಳದವಡೆಯನ್ನು ಎತ್ತುವಂಥದು. ಇರುಳೆಲ್ಲ ದುಡಿದ ಸ್ನಾಯುವಿಗೆ ತಲೆನೋವಿನ ಮಾತ್ರೆ ಎಷ್ಟು ಕಾಲ ಸಮಾಧಾನ ಹೇಳೀತು? ಇವರು ಮೊದಲು ಕಾಣಬೇಕಾದುದು ದಂತವೈದ್ಯರನ್ನು.

ಒಂದು ಸಂದರ್ಭದಲ್ಲಿ ಮಾತ್ರ ತಡಮಾಡಲಾಗದು. ೫೦ ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಬಂದು, ಅಗಿಯುವಾಗ ದವಡೆ ಸೋತು ನೋಯತೊಡಗಿದರೆ ಅದು ರಕ್ತನಾಳದ ಉರಿಯೂತವಿರಬಹುದು. ಸ್ಟೆರಾಯ್ಡ್ ಚಿಕಿತ್ಸೆ ಬೇಗ ದೊರೆಯದಿದ್ದರೆ ಕಣ್ಣೇ ಹೋದೀತು. ಅಂದೇ ವೈದ್ಯರನ್ನು ಕಾಣಬೇಕು.